ಬಯಲು ಮಾಡುತ್ತಿದ್ದ ಆಯ್ಕೆ ಈಗ ನಮ್ಮ ಕೈಯಲ್ಲಿ

ತೋಟದ ಕಾವಲಿನ ನಾಯಿ ಎರಡು ದಿನ ವಾಂತಿ ಮಾಡಿಕೊಂಡು, ಮಂಕಾಗಿ ಮಲಗಿ, ಮೂತ್ರ ನಿಂತು ಸತ್ತರೆ ಮನೆಯವರು ಮೊದಲು ಅನುಮಾನಿಸುವುದು ವಿಷ ಹಾಕಿದವರನ್ನು. ಚಪ್ಪರದ ಕೆಳಗೆ ಉದುರಿದ ದ್ರಾಕ್ಷಿಯ ಮೇಲೆ ಅನುಮಾನ ಹೋಗುವುದೇ ಇಲ್ಲ. ಮುದ್ದೇನಹಳ್ಳಿ, ನಂದಿ, ಚಿಕ್ಕಬಳ್ಳಾಪುರದ ಸುತ್ತ ದ್ರಾಕ್ಷಿ ಬೆಳೆಯುವ ಎಲ್ಲರೂ ತಿಳಿದಿರಬೇಕಾದ ಮಾತಿದು: ದ್ರಾಕ್ಷಿಯಾಗಲಿ ಒಣದ್ರಾಕ್ಷಿಯಾಗಲಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಒಂದು ನಾಯಿ ಹಿಡಿ ತುಂಬ ತಿಂದರೂ ಏನೂ ಆಗದೆ ಓಡಾಡಿಕೊಂಡಿರುತ್ತದೆ, ಇನ್ನೊಂದು ನಾಲ್ಕಾರು ಹಣ್ಣಿಗೇ ಬೀಳುತ್ತದೆ. ಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕೆಂದು ಪಶುವೈದ್ಯರು 2021ರಿಂದೀಚೆಗೆ ಬಲವಾಗಿ ಶಂಕಿಸುತ್ತಿದ್ದಾರೆ. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಧಾರಾಳವಾಗಿದೆ. ಆದ್ದರಿಂದ ಮುದ್ದೆಯ ಜೊತೆ ಮಿಕ್ಕ ಹುಳಿಸಾರನ್ನು ನಾಯಿಯ ತಟ್ಟೆಗೆ ಸುರಿಯುವ ರೂಢಿಯನ್ನು ಇವತ್ತೇ ಬಿಡಿ. ಸಾರಿನ ಈರುಳ್ಳಿ, ಬೆಳ್ಳುಳ್ಳಿಗಳೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಇಂಥ ತೋಟಗಳನ್ನು ಕಾಯುವ ಬೇಟೆನಾಯಿಯ ಮಾತೆತ್ತುವ ಮೊದಲು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಲ, ಉಡ, ಜಿಂಕೆ ಯಾವುದರ ಮೇಲೂ ನಾಯಿ ಬಿಡುವಂತಿಲ್ಲ. ನಮ್ಮ ಬೆಟ್ಟಗುಡ್ಡಗಳಲ್ಲಿ ಉಳಿದಿರುವ ಜೀವಗಳು ಉಳಿಯಬೇಕಾದರೆ ಈ ಕಾಯ್ದೆ ಬೇಕೇ ಬೇಕು. ಬೇಟೆ ನಿಂತರೂ ಬೇಟೆನಾಯಿಗೆ ಕೆಲಸ ತಪ್ಪಿಲ್ಲ. ಕುರಿಮಂದೆ ಕಾಯಬೇಕು, ದ್ರಾಕ್ಷಿ ತೋಟ, ಹಿಪ್ಪುನೇರಳೆ ತೋಟಗಳಲ್ಲಿ ರಾತ್ರಿ ಎಚ್ಚರವಿರಬೇಕು. ನಮ್ಮ ಬೇಟೆತಳಿಯಾದ ಮುಧೋಳ ನಾಯಿ 2016ರಲ್ಲಿ ತರಬೇತಿಗೆಂದು ಮೀರತ್‌ನ ಸೇನಾ ಕೇಂದ್ರಕ್ಕೂ ಹೋಯಿತು.

ಆದರೆ ಒಂದು ದೊಡ್ಡ ಬದಲಾವಣೆ ಸದ್ದಿಲ್ಲದೆ ಆಗಿದೆ. ಹಿಂದೆ ಯಾವ ನಾಯಿಯ ವಂಶ ಮುಂದುವರಿಯಬೇಕೆಂದು ತೀರ್ಮಾನಿಸುತ್ತಿದ್ದುದು ಬಯಲು. ದಮ್ಮಿಲ್ಲದ್ದು ಹಿಂದೆ ಬೀಳುತ್ತಿತ್ತು, ಪಾದ ಸಡಿಲವಿದ್ದದ್ದು ಕುಂಟುತ್ತಿತ್ತು, ಅಂಥದ್ದರಿಂದ ಮರಿ ತೆಗೆಯಬೇಕೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಈಗ ಆ ತೀರ್ಮಾನ ಸಾಕುವವನದು. ಅವನು ಫೋಟೊ ನೋಡಿ ಆರಿಸಿದರೆ ಹತ್ತಿಪ್ಪತ್ತು ವರ್ಷಗಳಲ್ಲಿ ನಾಯಿಯ ಆಕಾರವಷ್ಟೇ ಉಳಿಯುತ್ತದೆ. ಹೊಟ್ಟೆಗೆ ಹಾಕುವುದು, ಮನೆಮದ್ದು, ತಳಿ ಈ ಮೂರನ್ನೂ ಈ ಒಂದು ಹೊಣೆಯ ಭಾಗಗಳೆಂದೇ ನೋಡಬೇಕು. ಸರಿಯಾಗಿ ಉಣ್ಣದ ನಾಯಿಯ ನಿಜವಾದ ಶಕ್ತಿ ತಿಳಿಯದು, ಕಾಯಿಲೆ ಮುಚ್ಚಿಟ್ಟ ನಾಯಿಯ ವಂಶದ ಗುಣ ಗೊತ್ತಾಗದು.

ಮೊದಲು ತಟ್ಟೆ. ನಮ್ಮ ಸೀಮೆಯ ರಾಗಿ ನಾಯಿಗೂ ಒಳ್ಳೆಯ ಧಾನ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು ಮಾತ್ರ. ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರ ಕಡಿಮೆ. ಹಾಗಾಗಿ ಮುದ್ದೆ ಮತ್ತು ಮಾಂಸ ಒಂದರ ಕೊರತೆಯನ್ನು ಇನ್ನೊಂದು ಅಷ್ಟಿಷ್ಟು ತುಂಬುತ್ತವೆ. ಬರೀ ಮುದ್ದೆ ಮಜ್ಜಿಗೆ ಹಾಕಿದರೆ ಸಾಲದು, ಏಕೆಂದರೆ ರಾಗಿಯಲ್ಲಿ ಪ್ರೋಟೀನ್ ಶೇ. 7ರಷ್ಟೇ. ಬೆಳೆದ ನಾಯಿಯ ಆಹಾರದಲ್ಲಿ ನೀರಿನಂಶ ಬಿಟ್ಟು ಕನಿಷ್ಠ ಶೇ. 18 ಇರಬೇಕು, ದುಡಿಯುವ ನಾಯಿಗೆ ಇನ್ನೂ ಹೆಚ್ಚು. 25 ಕೆ.ಜಿ. ತೂಗುವ ನಾಯಿ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 780 ಕ್ಯಾಲರಿ ಬೇಡುತ್ತದೆ. ಓಡಾಡಿ ಕಾವಲು ಮಾಡಿದರೆ ಅದರ ದುಪ್ಪಟ್ಟು. 200 ಗ್ರಾಂ ರಾಗಿಹಿಟ್ಟಿನ ಮುದ್ದೆ, 300 ಗ್ರಾಂ ಬೇಯಿಸಿದ ಮಾಂಸ ಅಥವಾ ಬೋಟಿ, ಒಂದು ಮೊಟ್ಟೆ, ಸ್ವಲ್ಪ ಮೊಸರು, ಒಂದು ಚಮಚ ಎಣ್ಣೆ ಸೇರಿದರೆ ಒಳ್ಳೆಯ ತಳಪಾಯ. ಅಲ್ಲಿಂದ ಮುಂದೆ ಪಕ್ಕೆಲುಬು ನೋಡಿ ಏರಿಸಿ, ಇಳಿಸಿ. ಓಟದ ನಾಯಿಯ ಕೊನೆಯ ಎರಡು ಮೂರು ಪಕ್ಕೆಲುಬು ಕಣ್ಣಿಗೆ ಕಾಣಬೇಕು, ಸೊಂಟದ ಮೂಳೆ ಚೂಪಾಗಿ ಎದ್ದಿರಬಾರದು.

ಮರಿಗಳ ವಿಷಯ ಬೇರೆ. ಬರೀ ಮಾಂಸ ತಿಂದು ಬೆಳೆದ ಮರಿಯ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಬೆಳೆಯುವ ಮರಿಗೆ ರಾಗಿಯ ಕ್ಯಾಲ್ಸಿಯಂ ಕೂಡ ಸಾಲದು. ಮೊಟ್ಟೆಯ ಚಿಪ್ಪನ್ನು ಕುದಿಸಿ, ಒಣಗಿಸಿ, ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿದರೆ ಒಂದು ಟೀ ಚಮಚದಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಮರಿಯ ತೂಕಕ್ಕೆ ಎಷ್ಟೆಂದು ಪಶುವೈದ್ಯರನ್ನು ಕೇಳಿ ಬೆರೆಸಿ.

ಶಿಡ್ಲಘಟ್ಟದ ಕಡೆಯವರಿಗೆ ಪ್ರೋಟೀನ್‌ಗೆ ಇನ್ನೊಂದು ದಾರಿಯಿದೆ. ರೇಷ್ಮೆಗೂಡಿನಿಂದ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳುವನ್ನು ಒಣಗಿಸಿದರೆ ಅದರಲ್ಲಿ ಅರ್ಧಕ್ಕೂ ಹೆಚ್ಚು ಪ್ರೋಟೀನ್, ಕಾಲು ಭಾಗದಷ್ಟು ಕೊಬ್ಬು. ಆ ಕೊಬ್ಬು ಬೇಗ ಮುಗ್ಗುತ್ತದೆ. ಅದೇ ದಿನದ್ದನ್ನು ತೊಳೆದು, ಕುದಿಸಿ, ಗರಿಗರಿಯಾಗಿ ಒಣಗಿಸಿ ಒಂದು ಹಿಡಿ ಮಾತ್ರ ಬೆರೆಸಿ. ವಾಸನೆ ಕೆಟ್ಟಿದ್ದರೆ ತಿಪ್ಪೆಗೆ ಹಾಕಿ.

ಕುರಿ ಕೊಯ್ದ ದಿನ ಹಸಿ ಯಕೃತ್ತು, ಶ್ವಾಸಕೋಶಗಳನ್ನು ನಾಯಿಗೆ ಎಸೆಯುವುದು ಊರೂರಲ್ಲಿದೆ. ಇದನ್ನು ನಿಲ್ಲಿಸಲೇಬೇಕು. ಆ ಅಂಗಗಳಲ್ಲಿ ಕಾಣುವ ನೀರುಗುಳ್ಳೆಗಳಲ್ಲಿ ಒಂದು ಬಗೆಯ ಲಾಡಿಹುಳುವಿನ ಮರಿಗಳಿರುತ್ತವೆ. ಅವು ನಾಯಿಯ ಕರುಳಲ್ಲಿ ಬೆಳೆದು ಮಲದಲ್ಲಿ ಮೊಟ್ಟೆ ಬಿಡುತ್ತವೆ. ಆ ಮೊಟ್ಟೆ ನಾಯಿಯನ್ನು ಮುದ್ದಿಸಿದ ಮಗುವಿನ ಕೈಯಿಂದ ಬಾಯಿಗೆ ಹೋದರೆ ಮಗುವಿನ ಯಕೃತ್ತಿನಲ್ಲಿ ಅಂಥವೇ ಗುಳ್ಳೆಗಳು ಏಳುತ್ತವೆ. ಚೆನ್ನಾಗಿ ಕುದಿಸಿದರೆ ಈ ಸರಪಳಿ ಕಡಿಯುತ್ತದೆ. ಬೇಯಿಸಿದ ಮೂಳೆ ಮಾತ್ರ ಕೊಡಬೇಡಿ, ಅದು ಚೂರಾಗಿ ಕರುಳನ್ನು ಸೀಳುತ್ತದೆ. ಎದೆ ಆಳವಿರುವ ನಾಯಿಗಳಲ್ಲಿ ತುಂಬಿದ ಹೊಟ್ಟೆ ತಿರುಚಿಕೊಳ್ಳುವ ಅಪಾಯವಿದೆ. ಅದಕ್ಕೇ ಊಟವನ್ನು ಎರಡು ಹೊತ್ತಿಗೆ ಹಂಚಿ, ಓಟಕ್ಕೆ ಮೂರು ಗಂಟೆ ಮುಂಚೆಯೂ ಓಟದ ನಂತರ ಒಂದು ಗಂಟೆಯೂ ತಟ್ಟೆ ಇಡಬೇಡಿ.

ಇನ್ನು ಮನೆಮದ್ದು. ನಾಯಿ ಸಾಕುವ ಮನೆಯಲ್ಲಿರಬೇಕಾದ ಮೊದಲ ಮದ್ದು ಥರ್ಮಾಮೀಟರ್. ಆರೋಗ್ಯವಂತ ನಾಯಿಯ ಮೈಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮೂಗು ಮುಟ್ಟಿ ಜ್ವರ ಹೇಳಲಾಗದು. ಜಾಲಿಮುಳ್ಳು, ಮುಳ್ಳುತಂತಿಯ ಗೀರಿಗೆ ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ತೊಳೆಯುವುದು ಒಳ್ಳೆಯ ಪದ್ಧತಿ. ಸಣ್ಣ ಗೀರಿಗೆ ಆಮೇಲೆ ಅರಿಶಿನ ಹಚ್ಚಿದರೆ ತೊಂದರೆಯಿಲ್ಲ. ಆದರೆ ಓಟದ ನಾಯಿಗಳ ಚರ್ಮ ತೆಳು, ತಂತಿ ತಾಗಿದರೆ ಅಗಲವಾಗಿ ಹರಿಯುತ್ತದೆ. ಬಾಯಿ ಬಿಟ್ಟ ಗಾಯಕ್ಕೆ ಅರಿಶಿನ ತುಂಬದೆ ಕೂಡಲೇ ಹೊಲಿಗೆ ಹಾಕಿಸಿ. ಅರಿವಳಿಕೆ ಕೊಡುವ ವೈದ್ಯರಿಗೆ ಇದು ಮುಧೋಳದಂಥ ಓಟದ ತಳಿ ಎಂದು ಹೇಳಿ. ಮೈಯಲ್ಲಿ ಕೊಬ್ಬು ಕಡಿಮೆಯಿರುವ ಇಂಥ ನಾಯಿಗಳು ಥಯೋಪೆಂಟಾಲ್‌ನಂಥ ಔಷಧಿಯಿಂದ ಎಚ್ಚರಗೊಳ್ಳಲು ಬಹಳ ಹೊತ್ತು ತೆಗೆದುಕೊಳ್ಳುತ್ತವೆ.

ಕಜ್ಜಿಗೆ ಗಾಡಿಯ ಹಳೇ ಆಯಿಲ್, ಸೀಮೆಎಣ್ಣೆ ಬಳಿಯುವುದು ಹಿಂಸೆ. ಮೈ ಸುಡುತ್ತದೆ, ನೆಕ್ಕಿದರೆ ಒಳಗೂ ವಿಷ. ಹೇನಿಗೆಂದು ಹಾಕುವ ಸೀತಾಫಲ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಪಾರದರ್ಶಕ ಪದರವೇ ಹುಣ್ಣಾಗುತ್ತದೆ. ಹೊಗೆಸೊಪ್ಪಿನ ನೀರು ಚರ್ಮದ ಮೂಲಕವೂ ಏರುವ ವಿಷ. ಜಂತುಹುಳುವಿಗೆ ಬೆಳ್ಳುಳ್ಳಿ ತಿನ್ನಿಸಿದರೆ ಹುಳು ಹೋಗದು, ರಕ್ತ ಹೋಗುತ್ತದೆ. ಮನುಷ್ಯರ ಜ್ವರದ ಮಾತ್ರೆ, ಮೈಕೈ ನೋವಿನ ಮಾತ್ರೆಗಳನ್ನು ನಾಯಿಗೆ ಅಂದಾಜಿನಲ್ಲಿ ನುಂಗಿಸಬೇಡಿ, ಹೊಟ್ಟೆಯಲ್ಲಿ ಹುಣ್ಣಾಗಿ ಮೂತ್ರಪಿಂಡ, ಯಕೃತ್ತು ಕೆಡುತ್ತವೆ.

ಉಣ್ಣೆಯ ವಿಷಯದಲ್ಲಿ ನಾವು ನೋಡುವ ಜಾಗವೇ ತಪ್ಪು. ನಾಯಿಯ ಮೈಮೇಲಿರುವುದು ಸ್ವಲ್ಪ ಪಾಲು, ಉಳಿದದ್ದೆಲ್ಲ ಗೋಡೆಯ ಸಂದಿನಲ್ಲಿ, ಕಲ್ಲುಚಪ್ಪಡಿಯ ಬಿರುಕಿನಲ್ಲಿ, ಮಲಗುವ ಗೋಣಿಯಲ್ಲಿ. ಒಂದು ಹೆಣ್ಣು ಉಣ್ಣೆ ಸಾವಿರಾರು ಮೊಟ್ಟೆ ಇಡುತ್ತದೆ. ಬಿರುಕು ಮುಚ್ಚಿ ಸುಣ್ಣ ಹೊಡೆಯಿರಿ, ಗೋಣಿಯನ್ನು ಕುದಿವ ನೀರಿಗೆ ಹಾಕಿ, ಮೈಗೆ ವೈದ್ಯರು ಹೇಳಿದ ಔಷಧಿ ಹಾಕಿ. ಊಟ ಬಿಟ್ಟು, ಒಸಡು ಬಿಳಿಚಿ, ಮೂಗಿನಲ್ಲಿ ರಕ್ತ ಕಂಡರೆ ಅದು ಉಣ್ಣೆಜ್ವರವಿರಬಹುದು. ಯಾವ ಸೊಪ್ಪಿನ ರಸಕ್ಕೂ ಅದು ಬಗ್ಗದು. ರಕ್ತ ಪರೀಕ್ಷೆ ಮಾಡಿಸಿ, ಕೊಟ್ಟ ಮಾತ್ರೆಯನ್ನು ನಡುವೆ ಬಿಡದೆ ವಾರಗಟ್ಟಲೆ ಮುಗಿಸಬೇಕು. ಮರಿಗೆ ರಕ್ತಭೇದಿಯಾದರೂ ಅಷ್ಟೇ: ಪಾರ್ವೊ ಇರಬಹುದು, ಕಾಯುವ ಒಂದೊಂದು ಗಂಟೆಯೂ ದುಬಾರಿ.

ಈಗ ತಳಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ, ಹತ್ತನೆಯ ಶತಮಾನದ ವೀರಗಲ್ಲನ್ನು ನಾಯಿ ಸಾಕುವ ಪ್ರತಿಯೊಬ್ಬರೂ ನೋಡಬೇಕು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಕಲ್ಲು ನಿಲ್ಲಿಸಿ ಅದರ ಪೂಜೆಗೆ ಭೂಮಿ ಬಿಟ್ಟರು. ಶಾಸನ ಕಾಳಿಯ ಎತ್ತರವನ್ನಾಗಲಿ ಮೈಬಣ್ಣವನ್ನಾಗಲಿ ಹೊಗಳುವುದಿಲ್ಲ, ಅದು ಮಾಡಿದ ಕೆಲಸವನ್ನು ಹೇಳುತ್ತದೆ. ಕನ್ನಡ ನಾಡು ನಾಯಿಯನ್ನು ಅಳೆದ ಅಳತೆ ಅದು. ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಘೋರ್ಪಡೆ ಅರಸರು ಮುಧೋಳ ತಳಿಯನ್ನು ಪೋಷಿಸಿ ಬೆಳೆಸಿದಾಗಲೂ ಕಣ್ಣು ಓಟದ ಮೇಲಿತ್ತು. ಅದೇ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಮುಧೋಳ ಮರಿ ಬೇಕೆನ್ನುವವರು ಸಂತೆಯ ದಲ್ಲಾಳಿಗಿಂತ ಮೊದಲು ಅಲ್ಲಿ ವಿಚಾರಿಸಲಿ.

ಕ್ರಾಸ್ ಮಾಡಿಸುವ ಮುನ್ನ ಗಂಡು, ಹೆಣ್ಣು ಎರಡರಲ್ಲೂ ನಾನು ನೋಡುವುದು ಇಷ್ಟು: ಪಾದ ಬಿಗಿಯಾಗಿ ಮುಷ್ಟಿ ಕಟ್ಟಿದಂತಿದೆಯೇ, ತಂಪು ಬೆಳಗಿನ ಓಟದ ನಂತರ ಏದುಸಿರು ಹತ್ತು ಹದಿನೈದು ನಿಮಿಷದಲ್ಲಿ ತಹಬಂದಿಗೆ ಬರುತ್ತದೆಯೇ, ಹಟ್ಟಿಯ ಕುರಿ ಮತ್ತು ಮನೆಯ ಮಕ್ಕಳ ಹತ್ತಿರ ಸಮಾಧಾನವಾಗಿರುತ್ತದೆಯೇ, ಒಡಹುಟ್ಟಿದವು ಎಷ್ಟು ವರ್ಷ ಬದುಕಿದವು. ರಕ್ತ ಕೆಡಬಾರದೆಂದು ತಂದೆ ಮಗಳನ್ನು ಕೂಡಿಸುವವರಿದ್ದಾರೆ. ಅಂಥ ಮರಿಯಲ್ಲಿ ಸರಾಸರಿ ನಾಲ್ಕರಲ್ಲಿ ಒಂದು ವಂಶವಾಹಿ ಜೋಡಿಯ ಎರಡೂ ಪ್ರತಿಗಳು ಒಂದೇ ಪೂರ್ವಜನಿಂದ ಬಂದಿರುತ್ತವೆ. ಅಡಗಿದ್ದ ದೋಷ ಮೇಲೇಳುವುದು, ಮರಿಗಳ ಸಂಖ್ಯೆ ಇಳಿಯುವುದು, ರೋಗ ತಡೆಯುವ ಶಕ್ತಿ ಕುಗ್ಗುವುದು ಹೀಗೆಯೇ.

ಹೆಣ್ಣುನಾಯಿಗೆ 18 ತಿಂಗಳಾದರೂ ತುಂಬಿರಬೇಕು, 2017ರ ಶ್ವಾನ ತಳಿ ನಿಯಮಗಳೂ ಅದನ್ನೇ ಹೇಳುತ್ತವೆ. ಮೊದಲ ಬೆದೆಯನ್ನು ಬಿಡಿ. ರಕ್ತ ಕಂಡ ಹತ್ತರಿಂದ ಹದಿನಾಲ್ಕನೆಯ ದಿನದ ನಡುವೆ, ಒಂದು ದಿನ ಬಿಟ್ಟು ಎರಡು ಸಲ ಬಿಟ್ಟರೆ ಸಾಮಾನ್ಯವಾಗಿ ಕಟ್ಟುತ್ತದೆ. ಸುಮಾರು 63 ದಿನಕ್ಕೆ ಮರಿ. ಗಬ್ಬದಲ್ಲಿ ಕ್ಯಾಲ್ಸಿಯಂ ಸಿರಪ್ ಸುರಿಯಬೇಡಿ. ಹೊರಗಿನಿಂದ ಅತಿಯಾಗಿ ಬಂದರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ಅಭ್ಯಾಸ ಮೈಗೆ ತಪ್ಪಿ, ಹಾಲುಣಿಸುವಾಗ ನಡುಕ, ಸೆಟೆತ ಬರಬಹುದು. ಕೊನೆಯ ಮೂರು ವಾರ ಊಟ ಹೆಚ್ಚಿಸಿ, ಹಾಲು ಪೂರ್ತಿ ಇಳಿದಾಗ ದುಪ್ಪಟ್ಟಿಗೂ ಮೀರಿ ಕೊಡಿ. ಮೈಶಾಖ 99ಕ್ಕಿಂತ ಇಳಿದರೆ ಒಂದು ದಿನದೊಳಗೆ ಮರಿ ಹಾಕುತ್ತದೆಂದು ತಿಳಿಯಿರಿ. ತಾಯಿಯ ಹೊಟ್ಟೆಯಲ್ಲೇ ಜಂತುಹುಳು ಮರಿಗೆ ದಾಟಿರುತ್ತದೆ, ಆದ್ದರಿಂದ ಎರಡನೆಯ ವಾರದಿಂದ ಎರಡೆರಡು ವಾರಕ್ಕೆ ಔಷಧಿ. 45 ದಿನಕ್ಕೇ ಮಾರುವ ರೂಢಿ ತಪ್ಪು, ನಿಯಮದ ಪ್ರಕಾರ ಎಂಟು ವಾರ ತುಂಬಬೇಕು. ಕಚ್ಚುವುದರ ಮಿತಿಯನ್ನು ಮರಿ ಕಲಿಯುವುದು ಆ ಕೊನೆಯ ವಾರಗಳಲ್ಲಿ, ಒಡಹುಟ್ಟಿದವುಗಳ ಜೊತೆ ಆಡುತ್ತಲೇ.

ಇದೆಲ್ಲವನ್ನೂ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ: ತಂದೆತಾಯಿ, ಬೆದೆಯ ದಿನ, ಮರಿಗಳೆಷ್ಟು, ಯಾವುದು ಏನಾಯಿತು, ಯಾವುದಕ್ಕೆ ಉಣ್ಣೆಜ್ವರ ಬಂತು, ಯಾವುದು ಬೇಗ ಚೇತರಿಸಿಕೊಂಡಿತು. ಸತ್ತ ಮರಿಯನ್ನೂ ಬರೆಯಿರಿ, ಕೆಟ್ಟ ಸುದ್ದಿ ಬಿಟ್ಟ ಲೆಕ್ಕದಿಂದ ತಳಿಗೆ ಉಪಯೋಗವಿಲ್ಲ. ಮುಂದಿನ ಸಲ ಯಾರಾದರೂ ಗಂಡುನಾಯಿಯ ಫೋಟೊ ಕಳಿಸಿ ಕ್ರಾಸ್‌ಗೆ ಕೇಳಿದರೆ ಅವರ ಪುಸ್ತಕ ಕೇಳಿ, ನಾಯಿಯನ್ನು ಎದುರಿಗೆ ಓಡಿಸಿ ನೋಡಿ. ಎರಡರಲ್ಲಿ ಒಂದಕ್ಕೆ ಒಲ್ಲೆನೆಂದರೆ ನಿಮ್ಮ ಹೆಣ್ಣುನಾಯಿಯ ಈ ಬೆದೆ ಹಾಗೇ ಕಳೆಯಲಿ. ಆರೇಳು ತಿಂಗಳಿಗೆ ಇನ್ನೊಂದು ಬರುತ್ತದೆ.