ಟೋಪಿವಾಲೆ ಮತ್ತು ಬಾಗಿಲಾಚೆ ಉಳಿದ ದಖನಿ

ಬೆಂಗಳೂರಿನ ‘ಸ್ವರಾತ್ಮ’ ತಂಡದ ‘ಟೋಪಿವಾಲೆ’ ಆಲ್ಬಂ ಬಂದದ್ದು 2012ರಲ್ಲಿ. ಇಷ್ಟು ವರ್ಷ ಆದಮೇಲೆ ಅದನ್ನು ಯಾಕೆ ಎತ್ಕೊಂಡೆ ಅಂತ ನೀವು ಕೇಳಬಹುದು. ಮೊನ್ನೆ ಮತ್ತೆ ಕೇಳುತ್ತ ಕೂತಾಗ, ಮೊದಲ ಸಲ ಗಮನಕ್ಕೇ ಬಾರದ ಒಂದು ಕೊರತೆ ಕಿವಿಗೆ ತಾಗಿತು. ಅದಕ್ಕೇ.

ಊರಿನ ತಂಡವೊಂದು ತನ್ನ ಹಾಡುಗಳನ್ನು ಪಳಗಿದ ನಿರ್ಮಾಪಕರ ಕೈಗೆ ಒಪ್ಪಿಸುವುದಕ್ಕೆ ಧೈರ್ಯ ಬೇಕು. ಸ್ವರಾತ್ಮ ಎರಡು ಸಲ ಆ ಧೈರ್ಯ ಮಾಡಿತು. 2009ರ ಮೊದಲ ಆಲ್ಬಂಗೆ ‘ಇಂಡಿಯನ್ ಓಷನ್’ ತಂಡದ ಅಮಿತ್ ಕಿಲಂ, ಎರಡನೆಯದಕ್ಕೆ ಶಂಕರ್-ಎಹ್ಸಾನ್-ಲಾಯ್ ತ್ರಿವಳಿಯ ಲಾಯ್ ಮೆಂಡೋನ್ಸಾ. ಇಲ್ಲಿ ನಿರ್ಮಾಪಕ ಅಂದರೆ ಸಿನಿಮಾದವರ ಹಾಗೆ ದುಡ್ಡು ಸುರಿಯುವವನಲ್ಲ. ಯಾವ ವಾದ್ಯ ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು, ಯಾವ ಸಾಲನ್ನು ಇನ್ನೊಂದು ಸಲ ಹಾಡಬೇಕು ಅಂತ ಹೇಳುವ ಹೊರಗಿನ ಕಿವಿ ಅವನು.

ಈ ತಂಡಕ್ಕಂತೂ ಆ ಕಿವಿ ಬೇಕೇ ಇತ್ತು. ವೇದಿಕೆಯಲ್ಲಿ ಇವರದು ಜಾತ್ರೆ. ಗಾಯಕ ವಾಸು ದೀಕ್ಷಿತ್ ನಮ್ಮ ಕೀಲುಕುದುರೆಯ ಹಾಗೆ ಸೊಂಟಕ್ಕೆ ಕುದುರೆ ಕಟ್ಟಿಕೊಂಡು ಕುಣಿಯುತ್ತಾರೆ. ಬಣ್ಣದ ಬಟ್ಟೆ, ಮಾತು, ನಗು ಎಲ್ಲ ಇರುತ್ತೆ. ಕಣ್ಣು ತುಂಬಿದಾಗ ಕಿವಿ ಸಣ್ಣಪುಟ್ಟ ತಪ್ಪು ಮನ್ನಿಸಿಬಿಡುತ್ತೆ. ಸ್ಟುಡಿಯೋಕ್ಕೆ ಕುದುರೆ ಬರೋದಿಲ್ಲವಲ್ಲ! ಲಾಯ್ ಅವರ ಕೈ ಕಾಣೋದು ಇಲ್ಲೇ. ಸಂಜೀವ್ ನಾಯಕರ ಪಿಟೀಲು ಹಾಡಿನ ಮೇಲೆ ಬೀಳದೆ ಪಕ್ಕದಲ್ಲಿ ನಡೆಯುತ್ತೆ, ತಾಳವಾದ್ಯಕ್ಕೂ ಡ್ರಮ್ಸ್‌ಗೂ ಜಗಳವಿಲ್ಲ. ಈ ಮಟ್ಟಿಗೆ ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ.

ಶೀರ್ಷಿಕೆ ಹಾಡು ರಾಜಕಾರಣಿಗಳ ಮೇಲಿನ ಲೇವಡಿ. ಕನ್ನಡದಲ್ಲಿ ಟೋಪಿ ಹಾಕೋದು ಅಂದ್ರೆ ಏನು ಅಂತ ಹೇಳಬೇಕಿಲ್ಲ. (ಹೆಸರು ಮೊದಲು ಕೇಳಿದಾಗ ನಾನೂ ಒಂದು ಕ್ಷಣ ತಲೆ ಮುಟ್ಟಿ ನೋಡಿಕೊಂಡೆ.) ಆ ‘ವಾಲೆ’ಯ ಎಳೆತ ನನ್ನ ಕಿವಿಗೆ ಶಿವಾಜಿನಗರದ ಬೀದಿ ಕೂಗಿನ ಹಾಗೆ ಕೇಳುತ್ತೆ. ಇದೇ ಆಲ್ಬಂನಲ್ಲಿ ‘ಯೇಶು ಅಲ್ಲಾ ಔರ್ ಕೃಷ್ಣ’ ಅನ್ನುವ ಹಾಡೂ ಇದೆ. ಮೂರು ಹೆಸರು ಹೀಗೆ ಒಂದೇ ಉಸಿರಲ್ಲಿ ಬಂದರೆ ನಮ್ಮಲ್ಲಿ ಕೆಲವರಿಗೆ ಇರುಸುಮುರುಸು ಆಗುತ್ತೆ. ನನ್ನ ತಕರಾರು ಅದಲ್ಲ, ನಡುವಿನ ‘ಔರ್’ ಮೇಲೆ. ನಮ್ಮ ಮೊಹಲ್ಲಾದಲ್ಲಿ ಅದು ‘ಹೋರ್’. ಬೆಂಗಳೂರಿನ ಹುಡುಗರು ನೆರೆಯವನ ದೇವರನ್ನು ಹಾಡಿಗೆ ಕರೆದರು, ನೆರೆಯವನ ಮಾತನ್ನು ಬಾಗಿಲಾಚೆ ಬಿಟ್ಟರು. ಒಳಗೆ ಬಂದದ್ದು ಎಲ್ಲ ಊರಿಗೂ ಸಲ್ಲುವ, ಯಾವ ಊರಿನದೂ ಅಲ್ಲದ ಹಿಂದಿ.

ದಖನಿ ಅಂದ್ರೆ ಸಿನಿಮಾದಲ್ಲಿ ‘ನಕ್ಕೋ’ ಅಂದು ನಗಿಸುವ ಭಾಷೆ ಅಂತ ನಾವೇ ನಂಬಿಬಿಟ್ಟಿದ್ದೇವೆ. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ ‘ಕಿತಾಬ್-ಎ-ನವರಸ್’ ಹಾಡುಗಳನ್ನು ಕಟ್ಟಿದ್ದು ಈ ಮಾತಿನಲ್ಲೇ. ಅಲ್ಲಿ ಸರಸ್ವತಿಯೂ ಇದ್ದಾಳೆ, ಬಂದೇ ನವಾಜರೂ ಇದ್ದಾರೆ. ಮೂರು ಹೆಸರಿನ ಹಾಡಿಗೆ ಇದಕ್ಕಿಂತ ಹತ್ತಿರದ ಅಜ್ಜ ಬೇಕೆ? ಔರಂಗಾಬಾದಿನ ವಲಿ ಇದೇ ಮಾತನ್ನು ಹೊತ್ತು ದೆಹಲಿಗೆ ಹೋದ, ಸೂರತ್ ನಗರವನ್ನು ಹೊಗಳಿ ಮಸ್ನವಿ ಬರೆದ, 1707ರಲ್ಲಿ ಅಹಮದಾಬಾದಿನಲ್ಲಿ ತೀರಿಕೊಂಡ. ಅಲ್ಲಿದ್ದ ಅವನ ಗೋರಿಯನ್ನು 2002ರಲ್ಲಿ ಕೆಡವಿ, ಮೇಲೆ ಡಾಂಬರು ಹಾಕಿ ರಸ್ತೆ ಮಾಡಿದರು. ಅಂಥ ಭಾಷೆಗೆ ಒಂದು ಆಲ್ಬಂನಲ್ಲಿ ನಾಲ್ಕು ನಿಮಿಷ ಕೇಳೋದು ದುರಾಸೆ ಅನ್ನಿಸೋದಿಲ್ಲ ನನಗೆ.

ಇದಕ್ಕೆ ಲಾಯ್ ಅವರನ್ನು ಹೊಣೆ ಮಾಡಲಾರೆ. ‘ನಾನೇ ದಾರಿ’ ಅನ್ನುವ ಕನ್ನಡ ಹಾಡು ಇದೇ ಆಲ್ಬಂನಲ್ಲಿ ಕನ್ನಡವಾಗಿಯೇ ಉಳಿದಿದೆ, ಮುಂಬೈಯ ಕಿವಿ ಅದಕ್ಕೆ ಅಡ್ಡ ಬಂದಿಲ್ಲ. ತಂಡ ತಂದುಕೊಟ್ಟದ್ದನ್ನಷ್ಟೇ ನಿರ್ಮಾಪಕ ತಿದ್ದಬಲ್ಲ. ದಖನಿಯನ್ನು ತರಬೇಕಿದ್ದವರು ತಂಡದವರು. ಅದನ್ನು ಬರೆದುಕೊಡಬೇಕಿದ್ದವರು, ಹೇಳಿಬಿಡ್ತೀನಿ, ನಾವು. ಎಷ್ಟು ಜನ ದಖನಿಯಲ್ಲಿ ಒಂದು ಹಾಡು ಬರೆದಿದ್ದೇವೆ?

ಅಕ್ಕನ ಮಗನಿಗೆ ಆಲ್ಬಂ ಕೇಳಿಸಿದೆ. “ಅಚ್ಛಾ ಹೈ ಮಾಮು, ಮಗರ್ ಟೀವಿ ಕೇ ಬಾತಾಂ” ಅಂದ. ಚೆನ್ನಾಗಿದೆ, ಆದರೆ ಟೀವಿ ಮಾತು ಅಂತ. ‘ಟೋಪಿವಾಲೆ’ ಬಂದಾಗ ಮಾತ್ರ ವಾಲ್ಯೂಮ್ ಏರಿಸಿದ.