ತೊಗಲಿನ ಜಡೆ

ಪುಣೆಯ ಲಕ್ಷ್ಮಿ ರಸ್ತೆಯಲ್ಲಿ ಕೊಲ್ಹಾಪುರಿ ಚಪ್ಪಲಿ ಕೊಳ್ಳುವವರು ಅಟ್ಟೆಯ ದಪ್ಪ ನೋಡುತ್ತಾರೆ, ಚೌಕಾಸಿ ಮಾಡುತ್ತಾರೆ. ನನ್ನ ಕಣ್ಣು ಹೋಗುವುದು ಪಟ್ಟಿಯ ಮೇಲಿನ ಸಣ್ಣ ಜಡೆಯ ಕಡೆ.

ಕೈಯಲ್ಲಿ ತೊಗಲು ಹೆಣೆಯುವ ಹವ್ಯಾಸಿಗಳು ಆಸ್ಟ್ರೇಲಿಯಾದ ಕಾಂಗರೂ ಚರ್ಮವೇ ಬೇಕೆನ್ನುತ್ತಾರೆ. ತೆಳ್ಳಗಿದ್ದೂ ಗಟ್ಟಿ ಎಂಬುದು ನಿಜ. ಆದರೆ ಕೊಲ್ಹಾಪುರಿ ಚಪ್ಪಲಿ ಮಾಡುವ ನಮ್ಮ ಅಥಣಿ, ನಿಪ್ಪಾಣಿ ಕಡೆಯ ಮನೆಗಳಲ್ಲಿ ಈ ಜಡೆಗೆ ಆಡಿನ ತೊಗಲೇ ಸಾಕು. ಎಳೆಗಳನ್ನು ಸಮನಾಗಿ ಸೀಳಬೇಕು, ಒಂದೇ ಬಿಗಿಯಲ್ಲಿ ಹೆಣೆಯಬೇಕು. ಒಂದು ಎಳೆ ಸಡಿಲಾದರೂ ಜಡೆ ಸೊಟ್ಟ. ಈ ಕೆಲಸ ಹೆಚ್ಚಾಗಿ ಹೆಂಗಸರದ್ದು, ಹೆಸರು ಮಾತ್ರ ಊರಿನದು, ಅದೂ ಪಕ್ಕದ ರಾಜ್ಯದ ಊರಿನದು! ಅಟ್ಟೆಯ ದಪ್ಪ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡುತ್ತಾರೆ. ಹೊಲಿಗೆಯೂ ತೊಗಲಿನ ದಾರದ್ದೇ, ಮೊಳೆಯಿಲ್ಲ.

ಈ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚ್ಯಂಕ (ಜಿಐ) ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳಿಗೂ ಸೇರಿದೆ. 2025ರ ಜೂನ್‌ನಲ್ಲಿ ಮಿಲಾನ್‌ನ ವೇದಿಕೆಯಲ್ಲಿ ಇಟಲಿಯ ಫ್ಯಾಷನ್ ಸಂಸ್ಥೆ ಪ್ರಾಡಾ, ಮೂಲ ಹೇಳದೆ, ಇಂಥದ್ದೇ ಚಪ್ಪಲಿ ತೋರಿಸಿದಾಗ ಗದ್ದಲವೆದ್ದಿತು. ಗದ್ದಲದಲ್ಲೂ ಅಥಣಿಯ ಹೆಸರು ಕೇಳಿದ್ದು ಕಡಿಮೆ.

ಮುಂದಿನ ಸಲ ಕೊಳ್ಳುವಾಗ ಎಲ್ಲಿ ಮಾಡಿದ್ದೆಂದು ಅಂಗಡಿಯವರನ್ನು ಕೇಳಿ. ಜಡೆ ಬಿಗಿಯಾಗಿದ್ದರೆ ಚೌಕಾಸಿ ಬೇಡ.