ನಕ್ಷೆಯಲ್ಲಿ ಪಾಠಭೇದ

ಓಲೆಯ ಗ್ರಂಥವನ್ನು ಸಂಪಾದಿಸಹೊರಟ ಪಂಡಿತನು ಪ್ರತಿಯ ಕಾಲವನ್ನೂ ಲಿಪಿಕಾರನ ಪ್ರಮಾದಗಳನ್ನೂ ಪರಿಶೀಲಿಸದೆ ಒಂದಕ್ಷರವನ್ನೂ ಅಂಗೀಕರಿಸನು. ಅದೇ ಪಂಡಿತನು ಭೂಪಟವನ್ನು ಕೈಗೆತ್ತಿಕೊಂಡಾಗ ಈ ಎಚ್ಚರವನ್ನು ಬಿಟ್ಟುಬಿಡುವುದು ವಿಚಿತ್ರವಾಗಿದೆ. ತುಳುನಾಡಿನ ಜೈನ ಸಾಹಿತ್ಯದ ಸಂಶೋಧನೆಗೆ ಇದರಿಂದೊದಗುವ ಹಾನಿ ಅಲ್ಪವಲ್ಲ.

ಕಾರ್ಕಳವನ್ನೇ ನೋಡಬಹುದು. ೧೪೩೨ರಲ್ಲಿ ಬಾಹುಬಲಿಯ ಪ್ರತಿಷ್ಠೆಯೂ ೧೫೮೬ರಲ್ಲಿ ಚತುರ್ಮುಖ ಬಸದಿಯ ನಿರ್ಮಾಣವೂ ನಡೆದ ಸ್ಥಳವಿದು. ಮೂಡಬಿದಿರೆಯ ರತ್ನಾಕರವರ್ಣಿಯು ಇಲ್ಲಿಯ ಭೈರರಸನ ಆಸ್ಥಾನದಲ್ಲಿದ್ದನೆಂದು ಐತಿಹ್ಯವುಂಟು. ಧವಲಗ್ರಂಥಗಳ ತಾಡವೋಲೆಗಳನ್ನು ಕಾಪಾಡಿದ ಆ ಮೂಡಬಿದಿರೆಯು ಹಿಂದೆ ಕಾರ್ಕಳ ತಾಲ್ಲೂಕಿಗೇ ಸೇರಿದ್ದಿತು. ೧೯೯೭ರಲ್ಲಿ ಉಡುಪಿ ಜಿಲ್ಲೆಯು ಬೇರೆಯಾದಾಗ ಅದು ದಕ್ಷಿಣ ಕನ್ನಡದಲ್ಲಿ ಉಳಿಯಿತು. ಅನಂತರ ಹೆಬ್ರಿಯೂ ಪ್ರತ್ಯೇಕ ತಾಲ್ಲೂಕಾಯಿತು. ಹೀಗಿರಲು, ಹಳೆಯ ಗ್ಯಾಸೆಟಿಯರುಗಳಲ್ಲಿ ‘ಕಾರ್ಕಳ ತಾಲ್ಲೂಕು’ ಎಂದಿರುವುದನ್ನು ಇಂದಿನ ಗಡಿರೇಖೆಯೊಳಗೆ ಗುರುತಿಸಹೊರಟರೆ ಮೂಡಬಿದಿರೆಯ ಬಸದಿಗಳೆಲ್ಲ ಹೊರಗೆ ಬೀಳುವುವು. ಕವಿಯೊಂದು ಜಿಲ್ಲೆ, ಅವನ ಆಶ್ರಯದಾತನೊಂದು ಜಿಲ್ಲೆ ಎಂಬ ಈ ವಿಭಾಗವು ಆಡಳಿತಕ್ಕೆ ಸರಿ, ಸಾಹಿತ್ಯಚರಿತ್ರೆಗೆ ಸಲ್ಲದು. ೨೦೧೧ರ ಜನಗಣತಿಯೂ ಉಡುಪಿ, ಕುಂದಾಪುರ, ಕಾರ್ಕಳಗಳೆಂಬ ಮೂರೇ ತಾಲ್ಲೂಕುಗಳನ್ನು ಬಲ್ಲುದು. ಕಾಪುವಿನ ಲೆಕ್ಕವನ್ನು ಅಲ್ಲಿ ಉಡುಪಿಯೊಳಗೆ ಹುಡುಕಬೇಕು.

ಸಾಮಗ್ರಿಯ ಅಭಾವವೆಂಬ ನೆಪ ಈಗ ನಿಲ್ಲದು. ಇಸ್ರೊ ಸಂಸ್ಥೆಯ ‘ಭುವನ್’ ೨೦೦೯ರಿಂದ ಉಪಗ್ರಹಚಿತ್ರಗಳನ್ನು ತೋರಿಸುತ್ತಿದೆ, ರಾಜ್ಯದ ಕೆ-ಜಿ.ಐ.ಎಸ್.ನಲ್ಲಿ ಗ್ರಾಮಗಳ ಎಲ್ಲೆಗಳು ದೊರೆಯುತ್ತವೆ. ೨೦೨೧ರ ಫೆಬ್ರುವರಿಯ ಕೇಂದ್ರ ಮಾರ್ಗಸೂಚಿಯಿಂದ ನಿರ್ಬಂಧಗಳೂ ಬಹಳ ಸಡಿಲಿದುವು. ಆದರೆ ಇವುಗಳ ಬಲವೆಲ್ಲ ಇಂದಿನ ನೆಲದಲ್ಲಿ. ಹಿಂದಿನದಕ್ಕೆ ಭಾರತ ಸರ್ವೇಕ್ಷಣ ಇಲಾಖೆಯ ಹಳೆಯ ಹಾಳೆಗಳೇ ಬೇಕು. ಹಳೆಯ ಅಂಕಿತಕ್ರಮದಲ್ಲಿ ಉಡುಪಿಯೂ ಕಾಪುವೂ ‘೪೮ ಕೆ’ಯೊಳಗಿವೆ, ಕಾರ್ಕಳವು ೭೫ನೆಯ ಪೂರ್ವರೇಖಾಂಶದ ಅಂಚಿನಲ್ಲಿರುವುದರಿಂದ ಅದರ ಮೂಡಣ ಸೀಮೆಗೆ ‘೪೮ ಓ’ವನ್ನೂ ತರಿಸಬೇಕು. ಹಾಳೆಯ ಅಳತೆಯ ವರ್ಷವನ್ನು ನೋಡುವುದಂತೂ ಅವಶ್ಯ: ೧೯೫೩ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪನೆಯಾದ ಮೇಲೆ ಬೆಳೆದ ಮಣಿಪಾಲ ನಗರವನ್ನು ಅದಕ್ಕೂ ಹಿಂದಿನ ಹಾಳೆಯಲ್ಲಿ ಅರಸುವುದು ವ್ಯರ್ಥಶ್ರಮ.

ಇದಕ್ಕಿಂತ ತೊಡಕಿನದು ಹೆಸರುಗಳ ವಿಚಾರ. ಇಂಗ್ಲಿಷಿನವರು ಕಾಪುವನ್ನು ‘ಕೌಪ್’ ಎಂಬಂತೆ ಬರೆದರು. ತುಳುವರ ಬಾಯಲ್ಲಿ ಕಾರ್ಕಳ ‘ಕಾರ್ಲ’, ಉಡುಪಿ ‘ಒಡಿಪು’, ಮೂಡಬಿದಿರೆ ‘ಬೆದ್ರ’. ಒಂದೇ ವರ್ಣಕ್ರಮದಿಂದ ಹುಡುಕುವವನಿಗೆ ಉಳಿದ ದಾಖಲೆಗಳು ಇಲ್ಲವೆಂದೇ ತೋರುವುವು. ಅಲ್ಲದೆ ಮೂಡಣ ಬಿದಿರೆಯಂತೆ ಪಡುವಣದ್ದೂ ಒಂದುಂಟು. ಅದು ಈಗಿನ ಕಾಪು ತಾಲ್ಲೂಕಿನ ಪಡುಬಿದ್ರಿ. ದಿಕ್ಕನ್ನು ಹೇಳದೆ ಬರಿಯ ‘ಬಿದಿರೆ’ ಎಂದು ಬಂದಲ್ಲಿ ಯಂತ್ರವು ತನಗೆ ಮೊದಲು ಸಿಕ್ಕಿದ ಬಿಂದುವನ್ನು ಗುರುತಿಸೀತು. ಅಲ್ಲಿ ಬಸದಿಯ ಮಾತಿದೆಯೋ ಕಡಲಿನ ಮಾತಿದೆಯೋ ಎಂಬುದನ್ನು ವಾಕ್ಯವನ್ನು ಓದಿದವನೇ ನಿರ್ಣಯಿಸಬೇಕು.